ಹಡಗಿನಿಂದ ಕಂಡ ನಮ್ಮ ಮಸ್ಕತ್

ಹತ್ತೊಂಬತ್ತು ವರ್ಷಗಳಿಂದ ಮಸ್ಕತ್‌ನಲ್ಲಿ ನೆಲೆಸಿರುವ ನಮಗೆ ಮತ್ರಾ ಬಂದರಿನಲ್ಲಿ ಬಂದು ನಿಲ್ಲುವ ವಿಹಾರ ನೌಕೆಗಳು ಹೊಸತಲ್ಲ. ಬಿಸಿಲಿನ ಕಾವು ಇಳಿದು ಹವೆ ಹಿತವಾಗುವ ಅಕ್ಟೋಬರ್ ಕೊನೆಯಿಂದ ಏಪ್ರಿಲ್‌ವರೆಗೆ ಅವು ಒಂದರ ಹಿಂದೊಂದು ಬರುತ್ತವೆ. ಒಂದು ಕಾಲಕ್ಕೆ ಸರಕು ಹಡಗುಗಳಿಂದ ಕಿಕ್ಕಿರಿದಿರುತ್ತಿದ್ದ ಸುಲ್ತಾನ್ ಖಾಬೂಸ್ ಬಂದರಿನ ವಾಣಿಜ್ಯ ವ್ಯವಹಾರವನ್ನು 2014ರಲ್ಲಿ ಸೋಹಾರ್‌ಗೆ ಸ್ಥಳಾಂತರಿಸಿದ ಮೇಲಂತೂ ಆ ಬಂದರು ಪ್ರವಾಸಿಗರದ್ದೇ ಆಗಿದೆ. ಮಕ್ಕಳು ಚಿಕ್ಕವರಿದ್ದಾಗ ಶುಕ್ರವಾರದ ಸಂಜೆಗಳಲ್ಲಿ ಕಾರ್ನಿಶ್‌ನ ಕಟ್ಟೆಯ ಮೇಲೆ ಕುಳಿತು ಆ ಹಡಗುಗಳ ಕಿಟಕಿಗಳನ್ನು ಎಣಿಸುತ್ತಿದ್ದರು. "ನಾವು ಯಾವಾಗ ಇದರಲ್ಲಿ ಹೋಗುವುದು?" ಎಂದು ಕೇಳಿದಾಗಲೆಲ್ಲ "ನೀವು ದೊಡ್ಡವರಾದ ಮೇಲೆ" ಎನ್ನುವುದು ನಮ್ಮ ಸಿದ್ಧ ಉತ್ತರವಾಗಿತ್ತು. ಮಕ್ಕಳು ದೊಡ್ಡವರಾದರು, ಕೇಳುವುದನ್ನೂ ನಿಲ್ಲಿಸಿದರು.

ಎರಡು ವರ್ಷಗಳ ಹಿಂದಿನ ಮಾರ್ಚ್ ತಿಂಗಳಿನಲ್ಲಿ ನಾವು ಆ ಹಳೆಯ ಮಾತನ್ನು ನಡೆಸಿಕೊಡಲು ಹೊರಟೆವು. ಮಗಳ ಹನ್ನೆರಡನೇ ತರಗತಿಯ ಪರೀಕ್ಷೆ ಆಗಷ್ಟೇ ಮುಗಿದಿತ್ತು. ಮಗನಿಗೆ ಒಂಬತ್ತನೇ ತರಗತಿ ಮುಗಿದು ಹೊಸ ತರಗತಿ ಆರಂಭವಾಗುವ ಮೊದಲಿನ ಬಿಡುವು. ಕೊಲ್ಲಿ ರಾಷ್ಟ್ರಗಳಲ್ಲಿ ಮಕ್ಕಳನ್ನು ಬೆಳೆಸಿದವರಿಗೆ ಹನ್ನೆರಡನೇ ತರಗತಿಯ ಪರೀಕ್ಷೆ ಎಂದರೆ ಅಂಕಗಳ ಚಿಂತೆಯಷ್ಟೇ ಅಲ್ಲವೆಂಬುದು ತಿಳಿದಿರುತ್ತದೆ. ಅದು ಮನೆಯ ಕಾಲಗಣನೆಯ ಒಂದು ಗಡಿ. ಇಲ್ಲಿಯ ಭಾರತೀಯ ಶಾಲೆಗಳಲ್ಲಿ ಓದಿದ ಮಕ್ಕಳಲ್ಲಿ ಹೆಚ್ಚಿನವರು ಕಾಲೇಜಿಗೆಂದು ಮಂಗಳೂರು, ಮಣಿಪಾಲ, ಬೆಂಗಳೂರು, ಕೊಚ್ಚಿ ಎಂದು ಹೊರಡುತ್ತಾರೆ. ಕೆಲವರು ಕೆನಡಾಕ್ಕೋ ಇಂಗ್ಲೆಂಡಿಗೋ ಹೋಗುತ್ತಾರೆ. ಹಾಗೆ ಹೋದವರು ಮತ್ತೆ ಈ ಮನೆಗೆ ಬರುವುದು ರಜೆಯ ಅತಿಥಿಗಳಾಗಿ ಮಾತ್ರ. ಮಗಳಿಗೆ ಆಗಸ್ಟ್‌ನಲ್ಲಿ ಮಂಗಳೂರಿಗೆ ಹೊರಡುವುದಿತ್ತು. ಅದಕ್ಕೆ ಮೊದಲು ನಾಲ್ವರೂ ಒಂದು ವಾರ ಒಟ್ಟಿಗಿರಬೇಕು ಎಂಬುದು ನನ್ನ ಆಸೆ.

ಮಗಳಿಗೆ ಮಾತ್ರ ಅದು ಆಸೆಯಾಗಿ ಕಾಣಲಿಲ್ಲ. "ಅಮ್ಮ, ನನ್ನ ಫ್ರೆಂಡ್ಸ್ ಎಲ್ಲ ಇನ್ನೆರಡು ತಿಂಗಳಲ್ಲಿ ಚದುರಿ ಹೋಗುತ್ತಾರೆ. ಇರುವ ನಾಲ್ಕು ದಿನವನ್ನೂ ನೀವು ಹಡಗಿನಲ್ಲಿ ಕಳೆಯಲು ಹೇಳುತ್ತೀರಿ" ಎಂದಳು. ಅವಳ ಮಾತಿನಲ್ಲಿ ನ್ಯಾಯವಿತ್ತು. ಆದರೆ ಟಿಕೆಟ್ ಆಗಿಹೋಗಿತ್ತು. ಅಮ್ಮನಾದವಳ ಹಠವೂ ಆಗಿಹೋಗಿತ್ತು.

ಹಡಗು ಹೊರಡುವುದು ದುಬೈಯಿಂದ. ದುಬೈ, ಖಸಬ್, ಮಸ್ಕತ್, ಅಬುಧಾಬಿ, ಸರ್ ಬನಿ ಯಾಸ್ ದ್ವೀಪ, ಮರಳಿ ದುಬೈ. ಒಟ್ಟು ಏಳು ರಾತ್ರಿಗಳ ಪಯಣ. ಪಟ್ಟಿಯನ್ನು ನೋಡಿದ ಮಗ ನಕ್ಕುಬಿಟ್ಟ. "ನಾವು ನಾಲ್ಕುನೂರೈವತ್ತು ಕಿಲೋಮೀಟರ್ ಕಾರಿನಲ್ಲಿ ಹೋಗಿ ಹಡಗು ಹತ್ತಿ, ಮೂರನೇ ದಿನ ನಮ್ಮ ಮನೆಯ ಹತ್ತಿರವೇ ಬಂದು ಇಳಿಯುವುದಾ ಪಪ್ಪಾ?" ಮನೆ ಇರುವುದು ದಾರ್ಸೈತ್‌ನಲ್ಲಿ. ಮತ್ರಾ ಬಂದರಿಗೆ ಕಾರಿನಲ್ಲಿ ಹತ್ತು ನಿಮಿಷ. ಅವನ ಪ್ರಶ್ನೆಗೆ ನನ್ನ ಗಂಡನಲ್ಲಿ ಉತ್ತರವಿರಲಿಲ್ಲ.

ಇಂಥ ಪ್ರವಾಸಕ್ಕೆ ಹೊರಡುವ ನಮ್ಮವರಿಗೆ ಉಪಯೋಗವಾದೀತೆಂದು ಕೆಲವು ಸಂಗತಿಗಳನ್ನು ಇಲ್ಲಿಯೇ ಹೇಳಿಬಿಡುತ್ತೇನೆ. ಭಾರತದ ಪಾಸ್‌ಪೋರ್ಟ್ ಇರುವವರಿಗೆ ಯುಎಇ ವೀಸಾ ಬೇಕೇ ಬೇಕು. ಹಡಗು ಒಮಾನ್‌ಗೆ ಹೋದಾಗ ಆ ದೇಶವನ್ನು ಬಿಟ್ಟು, ಅಬುಧಾಬಿಗೆ ಬಂದಾಗ ಮತ್ತೆ ಪ್ರವೇಶಿಸಿದಂತಾಗುವುದರಿಂದ ಒಂದೇ ಪ್ರವೇಶದ ವೀಸಾ ಸಾಲದು. ಟಿಕೆಟ್‌ನ ದರದಲ್ಲಿ ಕೋಣೆ, ಊಟ, ಸಂಜೆಯ ಪ್ರದರ್ಶನಗಳು ಸೇರಿರುತ್ತವೆ. ಇಂಟರ್ನೆಟ್, ತಲೆಗಿಷ್ಟೆಂದು ದಿನವೂ ಬೀಳುವ ಸೇವಾ ಶುಲ್ಕ, ದಡದ ವಿಹಾರಗಳು ಸಾಮಾನ್ಯವಾಗಿ ಬೇರೆ. ದಡ ಬಿಟ್ಟ ಕೂಡಲೇ ಮೊಬೈಲ್‌ಗಳನ್ನು ಫ್ಲೈಟ್ ಮೋಡ್‌ಗೆ ಹಾಕಬೇಕು. ಇಲ್ಲದಿದ್ದರೆ ಹಡಗಿನ ಉಪಗ್ರಹ ಜಾಲಕ್ಕೆ ಫೋನ್ ತಾನಾಗಿ ಜೋಡಿಸಿಕೊಂಡು, ತಿಂಗಳ ಕೊನೆಗೆ ಬರುವ ಬಿಲ್ಲು ಟಿಕೆಟ್ಟಿನ ನೆನಪನ್ನೂ ಮರೆಸೀತು. ಹಡಗಿನೊಳಗೆ ಕೋಣೆಯ ಬೀಗವೂ ಹಣವೂ ಒಂದೇ ಕಾರ್ಡ್ ಆದ ಕಾರಣ, ಮಕ್ಕಳ ಕಾರ್ಡಿಗೆ ಖರ್ಚಿನ ಮಿತಿಯನ್ನು ಮೊದಲ ದಿನವೇ ಹಾಕಿಸುವುದು ಒಳಿತು.

ಹತ್ತಾ ಗಡಿಯ ಮೂಲಕ ದುಬೈ ತಲುಪಿ ಮೀನಾ ರಾಶಿದ್ ಬಂದರಿನಲ್ಲಿ ಹಡಗು ಹತ್ತಿದೆವು. ಪಕ್ಕದಲ್ಲಿಯೇ ಹಳೆಯ ಕ್ವೀನ್ ಎಲಿಜಬೆತ್–2 ನೌಕೆ ನಿಂತಿತ್ತು. 1969ರಿಂದ ನಾಲ್ಕು ದಶಕಗಳ ಕಾಲ ಸಾಗರಗಳನ್ನು ಸುತ್ತಿದ ಆ ಹಡಗು 2018ರಿಂದ ಹೋಟೆಲ್ ಆಗಿ ಅಲ್ಲಿಯೇ ವಿಶ್ರಾಂತಿ ಪಡೆಯುತ್ತಿದೆ. ಹೊರಡುವ ಮೊದಲು ಸುರಕ್ಷತಾ ತಾಲೀಮು ಕಡ್ಡಾಯ. 2012ರ ಜನವರಿಯಲ್ಲಿ ಇಟಲಿಯ ಕರಾವಳಿಯಲ್ಲಿ ಕೋಸ್ಟಾ ಕಾಂಕಾರ್ಡಿಯಾ ಮಗುಚಿ 32 ಮಂದಿ ಮೃತಪಟ್ಟ ಬಳಿಕ, ಈ ತಾಲೀಮನ್ನು ದಡ ಬಿಡುವ ಮೊದಲೇ ಮುಗಿಸುವ ಶಿಸ್ತು ಎಲ್ಲೆಡೆ ಬಂದಿದೆ. ಜೀವರಕ್ಷಕ ಅಂಗಿಯನ್ನು ಹಿಡಿದು ಸಾಲಿನಲ್ಲಿ ನಿಂತಾಗ ಮಗಳು ಕಿವಿಗೆ ಇಯರ್‌ಫೋನ್ ಸಿಕ್ಕಿಸಿಕೊಂಡು ಎತ್ತಲೋ ನೋಡುತ್ತಿದ್ದಳು.

ಹದಿಹರೆಯದವರನ್ನು ಹಡಗಿಗೆ ಕರೆದೊಯ್ಯುವುದರಲ್ಲಿ ಒಂದು ವಿಚಿತ್ರ ಅನುಕೂಲವಿದೆ. ಅವರು ಎಲ್ಲಿ ಹೋದರೂ ಹಡಗಿನೊಳಗೇ ಇರುತ್ತಾರೆ. ಮಗ ಅವನ ವಯಸ್ಸಿನವರಿಗೆಂದೇ ಇರುವ ಕ್ಲಬ್ಬಿನಲ್ಲಿ ಮೊದಲ ರಾತ್ರಿಯೇ ಜರ್ಮನಿಯ ಇಬ್ಬರು ಹುಡುಗರ ಗೆಳೆತನ ಸಂಪಾದಿಸಿ ಟೇಬಲ್ ಟೆನಿಸ್‌ನಲ್ಲಿ ಮುಳುಗಿದ. ನಾವು ಹಾಕಿದ ನಿಯಮ ಒಂದೇ: ಹಗಲು ಅವರವರದ್ದು, ರಾತ್ರಿಯ ಊಟ ಮಾತ್ರ ನಾಲ್ವರದ್ದು, ಆಗ ಮೇಜಿನ ಮೇಲೆ ಫೋನ್ ಇರಕೂಡದು. ಮಗಳು ನಿಯಮ ಪಾಲಿಸಿದಳು. ಊಟಕ್ಕೆ ಬಂದಳು, ಫೋನ್ ತರಲಿಲ್ಲ, ಮಾತನ್ನೂ ತರಲಿಲ್ಲ.

ಆ ಮೌನವನ್ನು ಮುರಿದದ್ದು ನಮ್ಮ ಮೇಜಿಗೆ ನೀರು ತುಂಬಲು ಬಂದ ಹುಡುಗ. ನಾನು ಗಂಡನೊಡನೆ ಆಡುತ್ತಿದ್ದ ಮಾತು ಅವನ ಕಿವಿಗೆ ಬಿದ್ದಿರಬೇಕು. ಕೈಯಲ್ಲಿನ ಹೂಜಿಯನ್ನು ಹಾಗೆಯೇ ಹಿಡಿದು, "ಹ್ವಾಯ್, ನೀವ್ ಕುಂದಾಪ್ರ ಬದಿಯರಾ ಅಕ್ಕಾ?" ಎಂದ. ಅವನ ಊರು ಗಂಗೊಳ್ಳಿಗೆ ಹತ್ತಿರ. ನನ್ನ ತವರೂ ಅಲ್ಲೇ. "ನಮ್ ಬದಿ ಮಾತ್ ಕೇಣ್ದೇ ಏಳ್ ತಿಂಗ್ಳಾಯ್ತ್" ಎಂದು ನಕ್ಕ. ಕರಾವಳಿಯ ಎಷ್ಟೋ ಹುಡುಗರಂತೆ ಹೋಟೆಲ್ ಮ್ಯಾನೇಜ್‌ಮೆಂಟ್ ಓದಿ ಹಡಗು ಸೇರಿದವನು. ವಯಸ್ಸು ಇಪ್ಪತ್ತಮೂರು. ಒಂಬತ್ತು ತಿಂಗಳ ಕರಾರು. ಅಷ್ಟು ಕಾಲ ಊರಿಲ್ಲ, ವಾರದ ರಜೆಯೂ ಇಲ್ಲ. ನನ್ನ ಮಕ್ಕಳು ಕುಂದಾಪುರದ ಮಾತನ್ನು ಅರ್ಥ ಮಾಡಿಕೊಳ್ಳುತ್ತಾರೆ, ಆಡಲು ನಾಚುತ್ತಾರೆ. ಆದರೂ ಮಗಳು ತಲೆಯೆತ್ತಿ ಅವನನ್ನು ಕೇಳಿದಳು: "ಮೊದಲ ಸಲ ಮನೆ ಬಿಟ್ಟು ಬಂದಾಗ ಹೇಗಿತ್ತು?" ಅವನು ಸ್ವಲ್ಪ ಯೋಚಿಸಿ, "ಮೊದಲನೇ ತಿಂಗಳು ಊಟದ ಹೊತ್ತಿಗೆ ಕಷ್ಟ. ಆಮೇಲೆ ಮಲಗುವ ಹೊತ್ತಿಗೆ ಮಾತ್ರ ಕಷ್ಟ. ಅಭ್ಯಾಸ ಆಗುತ್ತದೆ ತಂಗಿ" ಎಂದು ಹೇಳಿ ಮುಂದಿನ ಮೇಜಿಗೆ ಹೋದ. ಮಗಳು ಹೆದರಿದ್ದಾಳೆ ಎಂಬುದು ನನಗೆ ಆ ಪ್ರಶ್ನೆಯಿಂದ ತಿಳಿಯಿತು. ನಾನು ಇಷ್ಟು ದಿನ ಅದನ್ನು ಸಿಟ್ಟು ಎಂದುಕೊಂಡಿದ್ದೆ.

ಎರಡನೆಯ ದಿನ ಖಸಬ್. ಮುಸಂದಮ್ ಪ್ರಾಂತ ಒಮಾನ್‌ನ ಭಾಗವಾದರೂ ನಡುವೆ ಯುಎಇಯ ನೆಲ ಬಂದು ತಾಯ್ನಾಡಿನಿಂದ ಬೇರ್ಪಟ್ಟಿದೆ. ಹೊರ್ಮುಝ್ ಜಲಸಂಧಿಯತ್ತ ಚಾಚಿಕೊಂಡ ಈ ಭೂಶಿರದಲ್ಲಿ ಬೋಳು ಬೆಟ್ಟಗಳು ನೇರವಾಗಿ ಕಡಲಿಗೆ ಇಳಿದು, ನೀರು ಅವುಗಳ ಮಧ್ಯೆ ಬೆರಳುಗಳಂತೆ ಒಳನುಗ್ಗಿದೆ. ಇಂಥ ಕೊಲ್ಲಿಗಳನ್ನು ಇಲ್ಲಿ ಖೋರ್ ಎನ್ನುತ್ತಾರೆ. ಅವುಗಳಲ್ಲಿ ದೊಡ್ಡದಾದ ಖೋರ್ ಶಮ್‌ನಲ್ಲಿ ಮರದ ಧೌ ದೋಣಿಯ ಜಮಖಾನೆಯ ಮೇಲೆ ಕುಳಿತು, ಖರ್ಜೂರ ತಿನ್ನುತ್ತಾ ಕಹ್ವಾ ಕುಡಿಯುತ್ತಾ ಸಾಗಿದೆವು. ದೋಣಿಯ ಬದಿಯಲ್ಲಿ ಡಾಲ್ಫಿನ್‌ಗಳು ಜೊತೆಯಾದವು. ಅಲ್ಲಿಯ ಪುಟ್ಟದೊಂದು ಬಂಡೆದ್ವೀಪಕ್ಕೆ ಟೆಲಿಗ್ರಾಫ್ ದ್ವೀಪವೆಂದೇ ಹೆಸರು. 1860ರ ದಶಕದಲ್ಲಿ ಭಾರತ ಮತ್ತು ಲಂಡನ್ನಿನ ನಡುವೆ ತಂತಿ ಸಂಪರ್ಕ ಕಲ್ಪಿಸಲು ಸಮುದ್ರದಡಿ ಕೇಬಲ್ ಹಾಕಿದ ಬ್ರಿಟಿಷರು ಇಲ್ಲೊಂದು ಠಾಣೆಯನ್ನು ಕಟ್ಟಿದ್ದರು. ಉರಿಬಿಸಿಲು, ಏಕಾಂತ; ಕೆಲವೇ ವರ್ಷಗಳಲ್ಲಿ ಅದನ್ನು ತೊರೆದರು. ಈಗ ಉಳಿದಿರುವುದು ಕಲ್ಲಿನ ತಳಪಾಯ. ಫೋನನ್ನು ಆಕಾಶಕ್ಕೆ ಎತ್ತಿ ಹಿಡಿದಿದ್ದ ಮಗ, "ಆಗ ಇಲ್ಲಿ ನೆಟ್‌ವರ್ಕ್ ಇತ್ತು, ಈಗ ಇಲ್ಲ" ಎಂದಾಗ ದೋಣಿಯವನೂ ನಕ್ಕ.

ಬೆಟ್ಟದ ಬುಡದಲ್ಲಿ ಹತ್ತಿಪ್ಪತ್ತು ಮನೆಗಳ ಹಳ್ಳಿಗಳು ಕಾಣುತ್ತಿದ್ದವು. ರಸ್ತೆಯಿಲ್ಲ, ಕುಡಿಯುವ ನೀರೂ ದೋಣಿಯಲ್ಲಿಯೇ ಬರಬೇಕು. ಆ ಹಳ್ಳಿಗಳ ಮಕ್ಕಳು ಶಾಲೆಗಾಗಿ ದೋಣಿಯಲ್ಲಿ ಖಸಬ್‌ಗೆ ಹೋಗಿ ವಾರವೆಲ್ಲ ಅಲ್ಲಿಯೇ ಉಳಿದು ವಾರಾಂತ್ಯಕ್ಕೆ ಮನೆಗೆ ಮರಳುತ್ತಾರೆಂದು ದೋಣಿಯ ಮಾರ್ಗದರ್ಶಿ ವಿವರಿಸಿದರು. "ಎಷ್ಟು ವಯಸ್ಸಿಗೆ?" ಎಂದು ಮಗಳು ವಿಚಾರಿಸಿದಳು. "ಶಾಲೆಗೆ ಸೇರುವ ವಯಸ್ಸಿಗೆ" ಎಂದರು ಅವರು, ಅದರಲ್ಲೇನು ವಿಶೇಷ ಎಂಬಂತೆ.

ಮೂರನೆಯ ದಿನ ಬೆಳಗಿನ ಜಾವ ನಾನು ಮೇಲಿನ ಅಟ್ಟಕ್ಕೆ ಹೋದಾಗ ಮಗಳು ಆಗಲೇ ಅಲ್ಲಿ ನಿಂತಿದ್ದಳು. ಕಂದು ಬೆಟ್ಟಗಳು ಮಂಜಿನಿಂದ ಹೊರಬರುತ್ತಿದ್ದವು. ಮೊದಲು ರಿಯಾಮ್ ಉದ್ಯಾನದ ಗುಡ್ಡದ ಮೇಲಿನ ಬಿಳಿಯ ಧೂಪದಾನಿ, ಅನಂತರ ಪೋರ್ಚುಗೀಸರ ಕಾಲದ ಮತ್ರಾ ಕೋಟೆ, ಬಳಿಕ ಕಾರ್ನಿಶ್‌ನ ಬಿಳಿ ಮನೆಗಳ ಸಾಲು, ನೀಲಿ ಗುಮ್ಮಟದ ಮಸೀದಿ. ಹುಟ್ಟಿದಂದಿನಿಂದ ನೋಡಿದ ಊರನ್ನು ಅವಳು ಸಮುದ್ರದ ಕಡೆಯಿಂದ ನೋಡಿರಲಿಲ್ಲ. "ಇಷ್ಟು ಚಿಕ್ಕದಾ ನಮ್ಮೂರು?" ಎಂದಳು. ಅವಳು 'ನಮ್ಮೂರು' ಎಂದದ್ದನ್ನು ನಾನು ಗಮನಿಸಿದೆ. ಕಾಗದದ ಮೇಲೆ ಅವಳ ಊರು ಬೇರೆ. ಹುಟ್ಟಿ, ನಡೆಯಲು ಕಲಿತು, ಅಕ್ಷರ ಕಲಿತದ್ದು ಇಲ್ಲಿಯೇ ಆದರೂ ಇಲ್ಲಿಯ ವಾಸಕ್ಕೆ ಅಪ್ಪನ ಉದ್ಯೋಗವೇ ಆಧಾರ. ಆ ಉದ್ಯೋಗ ಮುಗಿದ ದಿನ ಮನೆಯ ಬೀಗದ ಕೈಯನ್ನು ಮಾಲೀಕರಿಗೆ ಒಪ್ಪಿಸಿ ಎಲ್ಲರೂ ಹೊರಡಬೇಕು. ಇದು ನಮಗೆ ಬರುವಾಗಲೇ ತಿಳಿದಿತ್ತು. ಮಕ್ಕಳಿಗೆ ಯಾರೂ ಹೇಳಿ ಒಪ್ಪಿಗೆ ಪಡೆದಿರಲಿಲ್ಲ.

ಹಾಗೆ ನೋಡಿದರೆ ಈ ಕಡಲದಾರಿ ನಮ್ಮ ಕರಾವಳಿಗೆ ಅಪರಿಚಿತವೇನಲ್ಲ. ಮಂಗಳೂರಿನ ಅಕ್ಕಿ ಶತಮಾನಗಳ ಹಿಂದೆಯೇ ಮಸ್ಕತ್‌ನ ಅನ್ನವಾಗಿತ್ತು. ಹೈದರ್ ಮತ್ತು ಟಿಪ್ಪುವಿನ ಕಾಲದಲ್ಲಿ ಮೈಸೂರಿಗೂ ಮಸ್ಕತ್‌ಗೂ ವ್ಯಾಪಾರ ಸಂಬಂಧ ಗಟ್ಟಿಯಾಗಿದ್ದು, ಇಲ್ಲಿ ಟಿಪ್ಪುವಿನ ವ್ಯಾಪಾರ ಕೋಠಿಯೇ ಇತ್ತು. 1786ರಲ್ಲಿ ಅವನು ಇಸ್ತಾಂಬುಲ್‌ಗೆ ಕಳುಹಿಸಿದ ರಾಯಭಾರಿಗಳ ತಂಡ ಉತ್ತರ ಕನ್ನಡದ ತದಡಿಯಲ್ಲಿ ಹಡಗು ಹತ್ತಿ ಮೊದಲು ತಂಗಿದ್ದು ಮಸ್ಕತ್‌ನಲ್ಲಿ. ಆ ತಂಡದ ಬಹುಪಾಲು ಮಂದಿ ಊರಿಗೆ ಮರಳಲಿಲ್ಲ. ಅಲ್ ಬುಸ್ತಾನ್ ವೃತ್ತದಲ್ಲಿ ನಿಲ್ಲಿಸಿರುವ 'ಸೋಹಾರ್' ಎಂಬ ಹಾಯಿಹಡಗನ್ನು ನನ್ನ ಮಕ್ಕಳು ನೂರು ಸಲ ನೋಡಿದ್ದಾರೆ. ಮೊಳೆ ಬಳಸದೆ ತೆಂಗಿನ ನಾರಿನ ಹಗ್ಗದಿಂದ ಹೊಲಿದು ಕಟ್ಟಿದ ಆ ಹಡಗು 1980ರಲ್ಲಿ ಇಲ್ಲಿಂದ ಚೀನಾಕ್ಕೆ ಯಾನ ಮಾಡಿತ್ತು. ಅದಕ್ಕೆ ಮರ ಬಂದದ್ದು ನಮ್ಮ ಪಶ್ಚಿಮ ಕರಾವಳಿಯಿಂದ. ನನ್ನ ಅಜ್ಜ ಗಂಗೊಳ್ಳಿಯಲ್ಲಿ ಮಂಜಿಯ ಮೇಲೆ ದುಡಿದವರು. ಹೆಂಚು ತುಂಬಿಕೊಂಡು ಹೋದ ಮಂಜಿ ಯಾವ ದಿನ ಮರಳುತ್ತದೆಂದು ಅಜ್ಜಿಗೆ ಗೊತ್ತಿರುತ್ತಿರಲಿಲ್ಲವಂತೆ. ಮಳೆಗಾಲಕ್ಕೆ ಮೊದಲು ಬರಬೇಕು ಎಂಬುದಷ್ಟೇ ಗೊತ್ತು. ಇದನ್ನೆಲ್ಲ ಮಗಳಿಗೆ ಹೇಳಿದೆ. ಅವಳು ಕೇಳಿಸಿಕೊಂಡಳು. ಆಮೇಲೆ, "ಅಮ್ಮ, ಇವತ್ತು ನಾನು ನಿಮ್ಮ ಜೊತೆ ಬರುವುದಿಲ್ಲ. ಫ್ರೆಂಡ್ಸ್ ಕಾರ್ನಿಶ್‌ಗೆ ಬರುತ್ತಿದ್ದಾರೆ. ಹೋಗಲಾ?" ಎಂದಳು.

ಒಟ್ಟಿಗಿರಲೆಂದೇ ಇಷ್ಟು ಹಣ ತೆತ್ತು ಬಂದ ವಾರದಲ್ಲಿ ಒಂದು ಇಡೀ ದಿನ! ಬೇಡ ಎನ್ನಲು ಬಾಯಿ ತೆರೆದೆ. ಖಸಬ್‌ನ ಆ ಮಕ್ಕಳು ನೆನಪಾದರೋ, ಏಳು ತಿಂಗಳು ಊರಿನ ಮಾತು ಕೇಳದ ಹುಡುಗ ನೆನಪಾದನೋ ತಿಳಿಯದು. "ಐದೂವರೆಗೆ ಎಲ್ಲರೂ ಹಡಗಿನಲ್ಲಿರಬೇಕು. ಐದಕ್ಕೆ ಬಾ" ಎಂದೆ.

ಬಂದರಿನ ಗೇಟಿನವರೆಗೆ ಶಟಲ್ ಬಸ್. ಹೊರಗೆ ಟ್ಯಾಕ್ಸಿ ಚಾಲಕರು ಪ್ರವಾಸಿಗರನ್ನು ಸುತ್ತುವರಿದಿದ್ದರು. ಇಲ್ಲಿ ಟ್ಯಾಕ್ಸಿ ಓಡಿಸುವವರು ಒಮಾನಿಗಳೇ. ಮತ್ರಾದವರಲ್ಲಿ ಅನೇಕರಿಗೆ ಹಿಂದಿ ಚೆನ್ನಾಗಿ ಬರುತ್ತದೆ. ಹಿರಿಯರೊಬ್ಬರು ನಮ್ಮನ್ನು ತಡೆದು ದೊಡ್ಡ ಮಸೀದಿ, ಒಪೇರಾ ಹೌಸ್, ಅರಮನೆ ಎಂದು ಪಟ್ಟಿ ಹೇಳಿ ದರ ಕೂಗಿದರು. ನನ್ನ ಗಂಡ ಮೆಲ್ಲನೆ "ದಾರ್ಸೈತ್" ಎಂದರು. "ದಾರ್ಸೈತ್‌ನಲ್ಲಿ ಏನಿದೆ ನೋಡಲು?" "ನಮ್ಮ ಮನೆ." ಅವರು ಹೊಟ್ಟೆ ಹಿಡಿದು ನಕ್ಕು, ದಾರಿಯುದ್ದಕ್ಕೂ ನಕ್ಕು, ಇಳಿಯುವಾಗ ಎಂದಿನ ಬಾಡಿಗೆಯನ್ನಷ್ಟೇ ಪಡೆದರು.

ಮನೆಯ ಬೀಗ ತೆಗೆದಾಗ ಮುಚ್ಚಿದ ಕೋಣೆಗಳ ವಾಸನೆ ಬಂತು. ಕುಚ್ಚಲಕ್ಕಿ ಗಂಜಿ ಇಟ್ಟೆ. ಮೂರು ದಿನ ಇಪ್ಪತ್ತು ಬಗೆಯ ಭಕ್ಷ್ಯಗಳ ಬಫೆಯಲ್ಲಿ ಓಲಾಡಿದ್ದ ಮಗ, ಎಂದೂ ಮುಖ ಸಿಂಡರಿಸುವ ಗಂಜಿಯನ್ನು ಮಾವಿನ ಮಿಡಿ ಉಪ್ಪಿನಕಾಯಿಯೊಡನೆ ಎರಡು ಬಟ್ಟಲು ಉಂಡ. ಮಗಳ ಕೋಣೆಯ ಬಾಗಿಲು ತೆರೆದೇ ಇತ್ತು. ಮೇಜಿನ ಮೇಲೆ ಪರೀಕ್ಷೆಯ ಪುಸ್ತಕಗಳು, ಕುರ್ಚಿಯ ಮೇಲೆ ಶಾಲೆಯ ಸಮವಸ್ತ್ರ. ಅವಳಿಲ್ಲದ ಕೋಣೆಯನ್ನು ನಾನು ಮೊದಲ ಸಲ ಅಷ್ಟು ಹೊತ್ತು ನಿಂತು ನೋಡಿದೆ. ಗಂಡ ಬಂದು ಏನೂ ಹೇಳದೆ ಬಾಗಿಲನ್ನು ಮುಂದೆ ಮಾಡಿದರು.

ನಾಲ್ಕೂವರೆಗೆ ನಾವು ಮೂವರು ಹಡಗಿನ ಅಟ್ಟದ ಮೇಲಿದ್ದೆವು. ಐದಾಯಿತು. ಐದೂಹತ್ತಾಯಿತು. ಮಗಳ ಫೋನ್ ಹತ್ತುತ್ತಿರಲಿಲ್ಲ. ನಿಗದಿತ ಸಮಯಕ್ಕೆ ಬಾರದ ಪ್ರಯಾಣಿಕರಿಗಾಗಿ ಹಡಗು ಕಾಯುವುದಿಲ್ಲ. ಬಂದರುಗಳ ಲೆಕ್ಕಾಚಾರ ಹಾಗಿರುತ್ತದೆ. ಮಗ ಸಮಾಧಾನದ ದನಿಯಲ್ಲಿ, "ತಪ್ಪಿದರೆ ಏನಾಯಿತು ಅಮ್ಮ, ಅಕ್ಕ ಮನೆಗೆ ಹೋಗುತ್ತಾಳೆ ಅಷ್ಟೆ" ಎಂದ. ನಿಜವೇ. ಆ ಹಡಗಿನ ಸಾವಿರಾರು ಪ್ರಯಾಣಿಕರಲ್ಲಿ ಹಡಗು ತಪ್ಪಿದರೆ ಮನೆ ಸೇರಬಹುದಾದವಳು ಅವಳೊಬ್ಬಳೇ ಇದ್ದಿರಬೇಕು. ಆದರೂ ನನ್ನ ಎದೆ ಹೊಡೆದುಕೊಳ್ಳುತ್ತಿತ್ತು. ಆಗಸ್ಟ್‌ನಲ್ಲಿ ವಿಮಾನ ನಿಲ್ದಾಣದಲ್ಲಿ ನಿಂತು ಅವಳನ್ನು ಬೀಳ್ಕೊಡುವುದನ್ನು ಎಷ್ಟೋ ರಾತ್ರಿ ಕಲ್ಪಿಸಿಕೊಂಡಿದ್ದೆ. ಅಲ್ಲಿ ಹೊರಡುವವಳು ಅವಳು, ದಡದಲ್ಲಿ ಉಳಿಯುವವರು ನಾವು. ಇಲ್ಲಿ ಹೊರಟವರು ನಾವಾಗಿದ್ದೆವು. ಹೊರಡುವವರಿಗೂ ಇಷ್ಟೇ ಭಯವಾಗುತ್ತದೆಂದು ನಾನು ತಿಳಿದಿರಲಿಲ್ಲ.

ಐದೂಇಪ್ಪತ್ತಕ್ಕೆ ಶಟಲ್ ಬಸ್ಸಿನಿಂದ ಒಂದು ಹಳದಿ ಕುರ್ತಾ ಇಳಿದು ಓಡತೊಡಗಿತು. ಕೈಯಲ್ಲಿ ಎರಡು ಚೀಲ. ಮೇಲೆ ಬಂದವಳು ಏದುಸಿರು ಬಿಡುತ್ತಾ, "ಬ್ಯಾಟರಿ ಮುಗಿಯಿತು. ಸೂಕ್‌ನಲ್ಲಿ ಹಲ್ವಾ ಅಂಗಡಿಯಲ್ಲಿ ರಶ್ ಇತ್ತು" ಎಂದಳು. ಬೈಯಬೇಕೆಂದಿದ್ದೆ, ಬೈಯಲಿಲ್ಲ. ಮೊಹರು ಮಾಡಿದ ಡಬ್ಬಿಗಳಲ್ಲಿ ಕೇಸರಿ, ಏಲಕ್ಕಿಯ ಒಮಾನಿ ಹಲ್ವಾ. ಒಂದು ಡಬ್ಬಿ ನಮಗೆ. ಇನ್ನೊಂದನ್ನು ಆ ರಾತ್ರಿ ಊಟದ ಮೇಜಿನಲ್ಲಿ ಗಂಗೊಳ್ಳಿಯ ಹುಡುಗನ ಕೈಗಿತ್ತಳು. ಈ ಋತುವಿನಲ್ಲಿ ಹನ್ನೊಂದು ಸಲ ಮಸ್ಕತ್‌ಗೆ ಬಂದರೂ ಕಾರ್ನಿಶ್ ದಾಟಿ ಹೋಗಲು ಬಿಡುವಾಗಲಿಲ್ಲವೆಂದು ಅವನು ಹಿಂದಿನ ದಿನ ಹೇಳಿದ್ದನಂತೆ. "ಇದು ನಮ್ಮೂರಿಂದು" ಎಂದಳು ಮಗಳು, ನಾಚಿಕೊಂಡೇ ಆದರೂ ಕುಂದಾಪುರದ ದಾಟಿಯಲ್ಲಿ. ಅವನು ಡಬ್ಬಿಯನ್ನು ಎರಡೂ ಕೈಯಲ್ಲಿ ಹಿಡಿದು ಒಳಗೆ ಹೋದ.

ಉಳಿದ ದಿನಗಳಲ್ಲಿ ಅಬುಧಾಬಿಯ ಶೇಖ್ ಝಾಯೆದ್ ಮಸೀದಿಯನ್ನು ಕಂಡೆವು, ಸರ್ ಬನಿ ಯಾಸ್‌ನ ಮರಳಿನಲ್ಲಿ ಮಕ್ಕಳಿಬ್ಬರೂ ಚಿಕ್ಕವರಂತೆ ಕಚ್ಚಾಡಿ ಓಡಿದರು. ಮಗಳು ಪೂರ್ತಿ ಬದಲಾದಳೆಂದು ಹೇಳಿದರೆ ಸುಳ್ಳಾದೀತು. ಒಂದು ರಾತ್ರಿ ಮತ್ತೆ ಮುನಿಸಿಕೊಂಡಳು. ಇನ್ನೊಂದು ರಾತ್ರಿ ಹನ್ನೆರಡು ದಾಟುವವರೆಗೆ ನನ್ನ ಪಕ್ಕದ ಕುರ್ಚಿಯಲ್ಲಿ ಕುಳಿತು ಹಾಸ್ಟೆಲಿನ ಬಗ್ಗೆ, ಒಗೆಯುವ ಬಟ್ಟೆಯ ಬಗ್ಗೆ, ಮಂಗಳೂರಿನ ಮಳೆಯ ಬಗ್ಗೆ ಕೇಳಿದಳು. ಆ ಪ್ರಶ್ನೆಗಳನ್ನು ಮನೆಯಲ್ಲಿ ಕೇಳಲು ಅವಳಿಗೂ ಉತ್ತರಿಸಲು ನನಗೂ ಹೊತ್ತು ಸಿಕ್ಕಿರಲಿಲ್ಲ.

ಹದಿಹರೆಯದ ಮಕ್ಕಳೊಡನೆ ಇಂಥ ಪ್ರವಾಸ ಮಾಡುವುದು ಸಾರ್ಥಕವೇ ಎಂದು ಮಸ್ಕತ್‌ನ ಕನ್ನಡ ಗೆಳತಿಯರು ಕೇಳುತ್ತಾರೆ. ಮಾಡಿ, ಆದರೆ ಅವರಿಗೊಂದು ದಿನವನ್ನು ಅವರಿಗೇ ಬಿಟ್ಟುಕೊಡಿ ಎನ್ನುತ್ತೇನೆ. ಜೊತೆಗಿರಲೆಂದು ಹೊರಟ ಪಯಣದಲ್ಲಿ ನನಗೆ ಹೆಚ್ಚು ನೆನಪಿರುವುದು ಅವಳು ಜೊತೆಗಿಲ್ಲದ ಆ ಎಂಟು ಗಂಟೆಗಳೇ.

ಈಗ ಮಗಳು ಮಂಗಳೂರಿನಲ್ಲಿ ಎರಡನೇ ವರ್ಷದಲ್ಲಿದ್ದಾಳೆ. ಕಳೆದ ಬಾರಿ ನಾವು ಹೋದಾಗ ಅವಳ ಹಾಸ್ಟೆಲ್ ಕೋಣೆಯ ಗೋಡೆಯ ಮೇಲೆ ಒಂದು ಚಿತ್ರ ಅಂಟಿಸಿದ್ದನ್ನು ಕಂಡೆ. ಬೆಳಗಿನ ಮಂಜಿನಲ್ಲಿ ಹಡಗಿನಿಂದ ತೆಗೆದ ಮತ್ರಾ. ಗುಡ್ಡದ ಹಿಂದೆ ದಾರ್ಸೈತ್ ಇದೆ, ಚಿತ್ರದಲ್ಲಿ ಕಾಣುವುದಿಲ್ಲ. ಕೋಣೆಯ ಗೆಳತಿ ಇದ್ಯಾವ ಊರು ಎಂದು ಕೇಳಿದ್ದಳಂತೆ. ಏನೆಂದೆ ಎಂದು ನಾನು ವಿಚಾರಿಸಿದೆ. "ನಮ್ಮೂರು ಎಂದೆ. ಮತ್ತೆಂತ ಹೇಳುವುದು?" ಎಂದು ಅವಳು ನಮ್ಮ ಚೀಲದಿಂದ ಹಲ್ವಾದ ಡಬ್ಬಿಯನ್ನು ಹುಡುಕಿ ತೆಗೆದಳು.